ಎಂಟಕ್ಕೊಂದು ಸುತ್ತು

ಸಲಾಕೆಯ ಬಾಲಕ್ಕೆ ಕೆಂಪು ಟೇಪಿನ ಚೂರು ಅಂಟಿಸಿ
ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿದೆ.
ಈಗ ಎಳೆಯುತ್ತೇನೆ, ನಿಧಾನ. ಟೇಪು ತಿರುಗುತ್ತದೆ
ಗಡಿಯಾರದ ಮುಳ್ಳಿನ ಹಾಗೆ: ಹನ್ನೆರಡು, ಮೂರು, ಆರು, ಒಂಬತ್ತು,
ಮತ್ತೆ ಹನ್ನೆರಡು. ಅಳತೆಪಟ್ಟಿ ಇಟ್ಟೆ.
"ಹತ್ತು ಇಂಚಿಗೊಂದು ಸುತ್ತು, ವಿಂಕೊ."
"ನಲವತ್ತಾರು ವರ್ಷ ಅದೇ ಸುತ್ತಿನಲ್ಲಿ ಜಿಂಕೆ ಹೊಡೆದಿದ್ದೇನೆ,"
ಎಂದ ವಿಂಕೊ ಪ್ಲೋವಾನಿಚ್, ಟೋಪಿ ತೆಗೆಯದೆ.
ಇವನ ಅಜ್ಜ ಈ ಊರಿನ ಅರ್ಧ ಗೋಡೆಗಳಿಗೆ ಕಲ್ಲು ಕಡಿದವನು,
ಮೊಂಟಾನಾದ ಚಳಿಯಲ್ಲಿ, ಬರಿಗೈಯಲ್ಲಿ.
ಮೊಂಡುತನ ಅಲ್ಲಿಂದಲೇ ಇಳಿದು ಬಂದಿರಬೇಕು.

ಜೊತೆಗೆ ಮೊಮ್ಮಗಳು ಮಾರೆಲ್ಲಾ. ಗಾಯದ ಹಕ್ಕಿಗಳ ಆಸ್ಪತ್ರೆಯಲ್ಲಿ ಕೆಲಸ.
ನನ್ನ ಬೆಂಚಿನ ಎಣ್ಣೆಕಲೆಗಳ ಮೇಲೆ ಎಕ್ಸ್‌ರೇ ಹಾಸಿದಳು:
ಬೇಟೆಗಾರ ಬಿಟ್ಟುಹೋದ ಕರುಳ ರಾಶಿ,
ಅದರ ತುಂಬ ಸಾಸಿವೆ ಚೆಲ್ಲಿದಂತೆ ಬಿಳಿ ಚುಕ್ಕಿ.
"ಸೀಸ," ಎಂದಳು. "ಹದ್ದು ಇದನ್ನೇ ತಿಂದಿತ್ತು.
ಕತ್ತೆತ್ತಲಾಗದೆ ಎರಡು ದಿನ ನನ್ನ ತೊಡೆಯ ಮೇಲೆ..."
ಅಷ್ಟಕ್ಕೇ ನಿಲ್ಲಿಸಿದಳು.
ವಿಂಕೊ ಕಿಟಕಿಯಾಚೆ ಯಾರದೋ ಲಾರಿ ನೋಡುತ್ತಿದ್ದ.

ಅವಳ ಮಾತಿಗೆ ಕಟ್ಟುಬಿದ್ದು ತಾಮ್ರದ ಗುಂಡು ಕೊಂಡಿದ್ದಾನೆ.
ಹಳೆಯದಕ್ಕಿಂತ ಹತ್ತು ಗ್ರೇನ್ ಹಗುರ.
ಆದರೂ ನೂರು ಗಜದಾಚೆಯ ಕಾಗದದಲ್ಲಿ ತೂತು ದುಂಡಗಿಲ್ಲ,
ಬೀಗದ ಕಿಂಡಿಯಂತಿದೆ. ಗುಂಡು ಅಡ್ಡಡ್ಡ ಮಲಗಿ ದಾಟಿದೆ.
"ಹಗುರಾದದ್ದು ಇನ್ನೂ ನೆಟ್ಟಗೆ ಹಾರಬೇಡವೇ?"

ತೂಕ ಪೆಟ್ಟಿಗೆಯ ಮೇಲೆ ಬರೆಯುವ ಮಾತು, ವಿಂಕೊ.
ನಳಿಗೆ ಕೇಳುವುದು ಉದ್ದವನ್ನು.
ಸೀಸ ಮುದುರಿ ಕೂತು ಭಾರ ಆಗಬಲ್ಲದು,
ತಾಮ್ರ ಅದೇ ಭಾರಕ್ಕೆ ಕಾಲು ಚಾಚಬೇಕು.
ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ:
ನಿನ್ನ ಹಗುರಾದದ್ದು ಹಳೆಯದಕ್ಕಿಂತ ಒಂದು ಉಗುರು ಎತ್ತರ.
ಗಿಡ್ಡ ಬುಗುರಿ ಸೋಮಾರಿ ಕೈಯಲ್ಲೂ ನಿಲ್ಲುತ್ತದೆ,
ಉದ್ದದ್ದಕ್ಕೆ ದಾರ ಜೋರಾಗಿ ಸೆಳೆಯಬೇಕು,
ಇಲ್ಲವಾದರೆ ಕುಡುಕನಂತೆ ತಲೆಯಾಡಿಸಿ ಬೀಳುತ್ತದೆ.

"ಹಾಗಾದರೆ ಏಳಕ್ಕೊಂದು ಹಾಕು. ಆರಕ್ಕೊಂದು."
ಹಣ ಕೊಡುವವನ ಉದಾರತೆ ಅದು.
ಬೇಡ. ಹೆಗ್ಗಣಗಳಿಗೆಂದು ಇಟ್ಟಿದ್ದೀಯಲ್ಲ, ತೆಳು ಸಿಪ್ಪೆಯ ಚಿಕ್ಕ ಗುಂಡು,
ಅತಿಯಾಗಿ ತಿರುಗಿಸಿದರೆ ದಾರಿಯಲ್ಲೇ ಸಿಡಿದು
ಗಾಳಿಯಲ್ಲಿ ಬೂದಿಬಣ್ಣದ ಒಂದು ಉಸಿರು, ಅಷ್ಟೆ.
ನಾನೇ ನೋಡಿದ್ದೇನೆ. ನಗು ಬಂದಿತ್ತು, ಆಮೇಲೆ ಬರಲಿಲ್ಲ.

ಒಂಬತ್ತೂ ಸಾಕಾಗುತ್ತಿತ್ತೇನೋ, ಜುಲೈನಲ್ಲಿ.
ನೀನು ಬೇಟೆಗೆ ಹೋಗುವುದು ನವೆಂಬರಿನಲ್ಲಿ.
ಹೆಪ್ಪುಗಟ್ಟಿದ ಗಾಳಿ ದಪ್ಪ, ಅದು ಮೂಗು ಹಿಡಿದು ತಿರುಗಿಸುತ್ತದೆ;
ಸೆಕೆಯಲ್ಲಿ ಒಪ್ಪಿಕೊಂಡದ್ದನ್ನು ಹಿಮದಲ್ಲಿ ಒಪ್ಪುವುದಿಲ್ಲ.
ಪೆನ್ಸಿಲ್ ನೆಕ್ಕಿ ರಟ್ಟಿನ ಮೇಲೆ ಲೆಕ್ಕ ಹಾಕಿದೆ,
ವ್ಯಾಸದ ವರ್ಗ, ನೂರೈವತ್ತು, ಭಾಗಿಸು ಉದ್ದ.
ಎಂಟರ ಆಸುಪಾಸು ಬಂತು. ಎಂಟು ಅಂದುಕೊಂಡೇ ಶುರುಮಾಡಿದ್ದೆ,
ಅದನ್ನು ಅವನಿಗೆ ಹೇಳಲಿಲ್ಲ.

ಮೂರು ವಾರ. ಯುದ್ಧಕಾಲದ ಈ ಯಂತ್ರಕ್ಕೆ ಅವಸರ ಗೊತ್ತಿಲ್ಲ.
ಉಕ್ಕಿನೊಳಗೆ ಕೊಕ್ಕೆ ಹೋಗಿ ಬರುತ್ತದೆ, ಹೋಗಿ ಬರುತ್ತದೆ,
ಕೂದಲನ್ನು ಮೂವತ್ತು ಸೀಳಿದರೆ ಒಂದು ಸೀಳಿನಷ್ಟು
ಒಂದೊಂದು ಎಳೆತಕ್ಕೆ ತೆಗೆಯುತ್ತದೆ.
ಆರು ಗೀರು. ರೇಡಿಯೋದಲ್ಲಿ ಗೋಧಿಯ ಬೆಲೆ.
ಕಾಫಿಯಲ್ಲಿ ಯಾವಾಗಲೂ ಸ್ವಲ್ಪ ಎಣ್ಣೆಯ ರುಚಿ.

ಹೊಸ ನಳಿಗೆ ಕೂರಿಸುವ ಮೊದಲು ಕೇಳಿದ: "ನೋಡಲೇ?"
ಕಣ್ಣಿಗೆ ಹಿಡಿದು ಕಿಟಕಿಯತ್ತ ತಿರುಗಿದ.
ಬಹಳ ಹೊತ್ತು ಹಾಗೆಯೇ ನಿಂತ.
ಹಿಮದ ಬೆಳಕು ಒಳಗೆ ಸುತ್ತುತ್ತಾ ಹೋಗುವುದನ್ನು
ನಾನೂ ಮೊದಲ ಸಲ ಹೀಗೇ ನೋಡಿದ್ದೆ, ಬಾಯಿ ತೆರೆದುಕೊಂಡು.
"ಒಳಗೆ ಮೆಟ್ಟಿಲಿದೆಯಲ್ಲ," ಎಂದ.

ಹಳೆಯ ನಳಿಗೆಯನ್ನು ಟೊಮೇಟೊ ಗಿಡಕ್ಕೆ ಕೋಲು ಮಾಡುತ್ತಾನಂತೆ.
ಬೀಗದ ಕಿಂಡಿಯ ಕಾಗದ ಮಾತ್ರ
ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.
ಮಾರೆಲ್ಲಾ ಕಂಡಳು. ಏನೂ ಕೇಳಲಿಲ್ಲ.
ಲಾರಿಯ ಬಾಗಿಲು ಮಂಜಿಗೆ ಕಚ್ಚಿತ್ತು,
ಇಬ್ಬರೂ ಸೇರಿ ಎಳೆದರು.