ಹಣೆಬರಹಕ್ಕೆ ಹೊಣೆ

ಅರಸೀಕೆರೆ ಸ್ಟೇಷನ್ನಿನ ಎದುರು, ಸೈಕಲ್ ಸ್ಟ್ಯಾಂಡಿನ ಪಕ್ಕ,
ಎರಡು ಕುರ್ಚಿ, ಒಂದೇ ಕನ್ನಡಿಯ ಅಂಗಡಿ ನನ್ನದು.
ಬೆಳಗಿನ ಐದಕ್ಕೆ ಶಟರ್ ಎತ್ತುತ್ತೇನೆ.
ರಾತ್ರಿಯೆಲ್ಲ ಗೂಡ್ಸ್ ಗಾಡಿ ಓಡಿಸಿ ಬಂದ ದಸ್ತಗೀರ್ ಸಾಬರು
ಮೊದಲ ಗಿರಾಕಿ. ಕೂತಲ್ಲೇ ನಿದ್ದೆ.
ಒಂದು ಗೊರಕೆಗೂ ಇನ್ನೊಂದಕ್ಕೂ ನಡುವೆ
ಗಂಟಲ ಮೇಲೆ ಕತ್ತಿ ಆಡಿಸಿ ಮುಗಿಸಬೇಕು.
ಅವರಿಗೆ ಶಕುನದ ಗೊಡವೆಯಿಲ್ಲ.
"ಸಿಗ್ನಲ್ಲು ಹಸಿರಿದ್ದರೆ ಸಾಕು ಕಣಪ್ಪ."

ಕೊಬ್ಬರಿ ಮಂಡಿಯ ಕಲ್ಲೇಶಪ್ಪನವರಿಗೆ ಇದೆ.
ಬೆಳಿಗ್ಗೆ ಮಂಡಿಗೆ ಹೋಗುವಾಗ ಛತ್ರಿ ಓರೆ ಮಾಡಿಕೊಂಡು
ರಸ್ತೆಯ ಆಚೆ ಬದಿಯಿಂದ ಹಾಯುತ್ತಾರೆ,
ಮೋಡವೂ ಇಲ್ಲದ ದಿನ.
ರೇಟು ಬಿದ್ದರೆ, ನನಗೆ ಕೇಳುವಷ್ಟು ಜೋರಾಗಿ:
"ಎದ್ದು ಯಾರ ಮುಖ ನೋಡಿದೆನೋ!"
ಏರಿದ ದಿನ ಮಾತ್ರ ಯಾರ ಮುಖವೂ ಅವರಿಗೆ ನೆನಪಿರುವುದಿಲ್ಲ.
ಸಂಜೆ ಬಂದು ಇದೇ ಕುರ್ಚಿಯಲ್ಲಿ ಕೂತು
ಗದ್ದ ಎತ್ತುತ್ತಾರೆ.
ನಾನು ನೊರೆ ಹಚ್ಚುತ್ತೇನೆ.

ಈ ಮಾತನ್ನು ಮೊದಲು ಆಡಿದವನು ಯಾರು?
ಗಿರಾಕಿಯಿಲ್ಲದ ಮಧ್ಯಾಹ್ನ ಯೋಚಿಸುತ್ತೇನೆ.
ಕನ್ನಡಿ ಇಲ್ಲದ ಮನೆಯವನೇ ಇರಬೇಕು.
ಇದ್ದಿದ್ದರೆ ಉತ್ತರ ಅಲ್ಲೇ ಸಿಕ್ಕಿ
ಮಾತು ನಮ್ಮ ತನಕ ಬರುತ್ತಲೇ ಇರಲಿಲ್ಲ.

"ಕಾಯಲ್ಲಿ ಹೂವು ಬಂದರೆ ಅದೃಷ್ಟ" ಅನ್ನುವುದು
ಖಂಡಿತ ಒಬ್ಬ ಅಂಗಡಿಯವನ ಬಾಯಲ್ಲಿ ಹುಟ್ಟಿದ್ದು.
ಮೂರು ತಿಂಗಳು ಮೂಲೆಯಲ್ಲಿ ಬಿದ್ದಿದ್ದ ತೆಂಗಿನಕಾಯಿ,
ಒಳಗೇ ಮೊಳೆತು ಬೆಳ್ಳಗೆ ಊದಿಕೊಂಡಿತ್ತು.
ಬೈಯಲು ಬಾಯಿ ತೆರೆದ ಹೆಂಗಸಿಗೆ
"ತಾಯೀ, ಹೂವು! ಮನೆಗೆ ಒಳ್ಳೇದಾಗುತ್ತೆ" ಅಂದಿರುತ್ತಾನೆ.
ಆಗಿಯೂ ಇರಬಹುದು.
ನಮ್ಮನೆಯಲ್ಲೂ ಬಂದಿತ್ತು ಒಂದು ಸಲ.
ತಂಗಿ ರತ್ನಮಾಲ ಅರ್ಧ ತಿಂದು ಅರ್ಧ ನನಗಿಟ್ಟಳು.
ಅದೃಷ್ಟ ಸ್ಪಂಜಿನ ಹಾಗೆ, ಕಚ್ಚಿದರೆ ತಿಳಿಯಾಗಿ ಸಿಹಿ.

"ಕಾಲ್ಗುಣ"ದ ಹುಟ್ಟು ಹುಡುಕಲು ನಾನು ಹೋಗಿಲ್ಲ.
ಅದೇ ತಂಗಿ ಆ ಮಾತನ್ನು ಹೊತ್ತುಕೊಂಡು
ಬಾಣಾವರದಿಂದ ಎರಡು ಸಲ ವಾಪಸು ಬಂದಳು.
ಮೊದಲ ಸಲ ಅವರ ಮನೆ ಎತ್ತು ಸತ್ತಿತ್ತಂತೆ.
ಎರಡನೆಯದು ಏನೆಂದು ಅವಳು ಹೇಳಲಿಲ್ಲ.

ಹಣೆಬರಹ ಮಾತ್ರ ನನ್ನ ಕಸುಬಿಗೆ ಸೇರಿದ್ದು.
ಮೂವತ್ತೊಂದು ವರ್ಷ, ದಿನಕ್ಕೆ ಹತ್ತು ಹಣೆ,
ಲೆಕ್ಕ ನೀವೇ ಹಾಕಿಕೊಳ್ಳಿ.
ಬೆರಳಲ್ಲಿ ಒತ್ತಿ, ದೀಪಕ್ಕೆ ತಿರುಗಿಸಿ,
ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದ್ದೇನೆ.
ವಿಭೂತಿ ಇದೆ, ನಾಮ ಇದೆ, ನಮಾಜಿನ ಕಪ್ಪು ಗುರುತಿದೆ,
ಹೆಲ್ಮೆಟ್ಟು ಒತ್ತಿದ ಗೀರಿದೆ.
ಅಕ್ಷರ ಇಲ್ಲ.

ಒಮ್ಮೆ ಮಾಲೇಕಲ್ಲು ಬೆಟ್ಟದ ಕೆಳಗೆ ಹರಕೆ ಮುಡಿ ತೆಗೆಯುತ್ತಿದ್ದೆ.
ಒಂಬತ್ತು ತಿಂಗಳ ಕೂಸು. ಕೂದಲು ಜಾರಿದ ಹಾಗೆ
ನೆತ್ತಿಯ ಮೆತ್ತನೆ ಜಾಗ ಮಿಡಿಯುವುದು ಕಂಡಿತು,
ನೀಲಿ ನರವೊಂದು ಕವಲಾಗಿ ಕಿವಿಯತ್ತ ಇಳಿದಿತ್ತು.
ಇದನ್ನೇ ಯಾರೋ ನೋಡಿರಬೇಕು,
ಇನ್ನೂ ಆರದ ಶಾಯಿ ಅಂದುಕೊಂಡು.
ಕೂಸು ಅಳುತ್ತಲೇ ಇತ್ತು. ನಾನು ಉಸಿರು ಹಿಡಿದಿದ್ದೆ.

ಬರಹ ಇದ್ದದ್ದು ನಾನು ಕಂಡಂತೆ ಒಂದೇ ಹಣೆಯಲ್ಲಿ.
ಎಡ ಹುಬ್ಬಿನ ಮೇಲೆ, ಕೂದಲು ಶುರುವಾಗುವಲ್ಲಿ,
ಬರೆಯಲು ತೊಡಗಿ ಅರ್ಧಕ್ಕೆ ಬಿಟ್ಟ "ರ"ದ ಹಾಗೆ.
ಆಗ ನನಗೆ ಹನ್ನೆರಡು. ಕಲಿಯುವವನಿಗೆ ತಲೆ ಯಾರು ಕೊಡುತ್ತಾರೆ?
ಅಪ್ಪ ತನ್ನದನ್ನೇ ಕೊಟ್ಟು ಕೂತ.
ಯಾವುದೋ ರೈಲು ಕೂಗಿತು. ಕೈ ಬೆಚ್ಚಿತು.
ಪಟಿಕದ ಕಲ್ಲು ಒತ್ತಿಕೊಂಡು
"ಹೂಂ, ಈ ಕಡೆ ಮಾಡು" ಅಂದ.

ಗಾಯ ಮಾಯಿತು, ಗೆರೆ ಉಳಿಯಿತು.
"ಇದೇನಯ್ಯ ಹಣೆ ಮೇಲೆ?" ಗಿರಾಕಿಗಳು ಕೇಳುವರು.
"ಹಣೆಬರಹ ಸ್ವಾಮಿ," ಕತ್ತಿ ಮಸೆಯುತ್ತ ಅಪ್ಪ,
"ಹಣೆಬರಹಕ್ಕೆ ಹೊಣೆ ಯಾರು?"
ಅಂದು, ಕನ್ನಡಿಯೊಳಗಿಂದ,
ಕೂದಲು ಗುಡಿಸುತ್ತಿದ್ದ ನನ್ನನ್ನು ನೋಡಿ
ಮೀಸೆಯಲ್ಲೇ ನಗುತ್ತಿದ್ದ.