ತುರ್ಸುನ್

ಲಷ್ಕರ್ ಮೊಹಲ್ಲಾದಲ್ಲಿ ಮತದಾರರ ಪಟ್ಟಿ ತಿದ್ದುವಾಗ
ಟಾಂಗಾ ಗಾಲಿಗೆ ಎಣ್ಣೆ ಬಿಡುತ್ತಿದ್ದ ಮುದುಕ
ಹೆಸರು ಹೇಳಿದ: ತುರ್ಸುನ್ ಬೇಗ್.

‘ತುರುಸಾ?’ ಅಂದೆ. ನಕ್ಕುಬಿಟ್ಟ.
‘ಉಲ್ಟಾ, ಮೇಷ್ಟ್ರೇ. ನಿಲ್ಲಲಿ ಅಂತ.
ನನಗಿಂತ ಮುಂಚೆ ಮೂರು ಕೂಸು,
ಒಂದೂ ನಿಲ್ಲಲಿಲ್ಲ.
ಕುದುರೆ ಮಾರುತ್ತ ಬಂದ ಮುತ್ತಜ್ಜನ ತುರ್ಕಿಯಲ್ಲಿ
ನಮ್ಮ ಮನೆಗೆ ಉಳಿದದ್ದು
ಇದೊಂದೇ ಮಾತು.’

ಪೆನ್ನು ಎತ್ತಿದ್ದೆ, ಬರೆಯಲಾಗಲಿಲ್ಲ.
ಮದ್ದೂರಿನ ನಮ್ಮ ದೊಡ್ಡಪ್ಪನನ್ನು
ಹುಟ್ಟಿದ ದಿನವೇ ತಿಪ್ಪೆಯಲ್ಲಿ ಹೊರಳಿಸಿ,
ಒಂದು ಮೊರ ತೌಡು ಕೊಟ್ಟು
ಮರಳಿ ಕೊಂಡು ತಂದರಂತೆ.
ತಿಪ್ಪಯ್ಯ.
ಸಾವು ಮೂಗು ಮುಚ್ಚಿಕೊಂಡು
ಆಚೆ ಮನೆಗೆ ಹೋಗಲೆಂದು.

‘ವಯಸ್ಸು?’
‘ಎಂಬತ್ತು ಬರಕೊಳ್ಳಿ.
ಅಮ್ಮೀ ಇದ್ದಿದ್ದರೆ ಸರಿಯಾಗಿ ಹೇಳೋಳು,
ದಿನಾ ಎಣಿಸುತ್ತಿದ್ದಳು.’

ಗಾಲಿಯನ್ನೊಮ್ಮೆ ತಿರುಗಿಸಿ ಬಿಟ್ಟ.
ತುಂಬ ಹೊತ್ತು ತಿರುಗಿತು.