ಪಡುಗಾಳಿ

ಉಮದಿಯೊಳಗ ಇಪ್ಪತ್ತಮೂರು ಗಿರಾಕಿ, ಒಂದ ಮಾತು:
ಬರತೈತಿ, ಹೋಗತೈತಿ.
ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ,
ಚಾನೆಲ್ ಹೊರಳಿಸಿ ಹೊರಳಿಸಿ ಬೆರಳು ಸವೀತು.
ಡಿಶ್ಶಿನ ಬೆನ್ನಿಗೆ ಗೂಡು ಕಟ್ಟಿದ ಕಡಜಕ್ಕ
ಕೈ ಮುಗಿದೆ. ಕಚ್ಚಿತು.
ಸಿಗ್ನಲ್ ಛಲೋ ಐತಿ. ಪಿಂಗ್ ಮಾತ್ರ
ಎರಡು ಬಂದು ಒಂದು ಸತ್ತು,
ಎರಡು ಬಂದು ಒಂದು ಸತ್ತು.

ಝೆರಾಕ್ಸ್ ಅಂಗಡಿ ಮಾಳಸಕ್ಕ,
ಯಾರದೋ ಸಾತಬಾರಾ ಅರ್ಧಕ್ಕ ನಿಂತಾಗ,
ಸೆರಗು ಹಾರದಂಗ ಹಿಡಕೊಂಡು ಹೊರಗ ಬಂದಳು:
'ಪಡುಗಾಳಿ ಬಿಟ್ಟ ದಿನಾನ ಯಾಕ ಹಿಂಗ?'

ಕಂಬ ಏರಿ ಕುಂತೆ.
ಗುಡ್ಡದ ರಿಲೇಗೂ ನನಗೂ ನಡುವ
ಹ್ವಾದ ವರ್ಷ ನಿಂತ ಗಾಳಿಯಂತ್ರ.
ತೆಂಕಗಾಳಿಗೆ ಮಗ್ಗಲಾಗಿ, ಬಡಕಲಾಗಿ ಇರತಿತ್ತು,
ನಾ ಲೆಕ್ಕಕ್ಕ ಹಿಡದಿರಲಿಲ್ಲ.
ಇವತ್ತು ಪಡುವಲಕ್ಕ ಪೂರ್ತಿ ಮಾರಿ ತಿರುವಿ
ಒಂದೊಂದ ರೆಕ್ಕಿಯಿಂದ
ಕಣ್ಣಿಗೆ ಕಾಣದ ನನ್ನ ಗೆರಿ ಕೊಯ್ಯಾಕತ್ತಿತ್ತು.
ಎಣಿಸಿದೆ. ಫೋನಿನ್ಯಾಗ ಪಿಂಗ್ ಸಾಯೂದು,
ಅಲ್ಲಿ ರೆಕ್ಕಿ ಇಳಿಯೂದು, ಒಂದ ತಾಳ.

ಇಳದು ಬಂದು ಹೇಳಿದೆ.
ಮಾಳಸಕ್ಕ ನಗಲೂ ಇಲ್ಲ, ಬೈಲೂ ಇಲ್ಲ:
'ಆ ಜಾಗಾದ ಸಾತಬಾರಾ ಕಂಪನಿಯವರು
ಇಲ್ಲೇ ತಗಸಿದ್ರು, ಮೂರು ಪ್ರತಿ,
ನಿನ್ನ ನೆಟ್ಟಿನ್ಯಾಗ.
ಅವತ್ತು ಒಮ್ಮಿನೂ ಹೋಗಲಿಲ್ಲ ನೋಡು.'

ನಾಳೆ ಇರಗೊಂಡನ ನೀರಿನ ಟಾಕಿ ಕೇಳಬೇಕು,
ಎರಡು ನಟ್ಟು, ಒಂದು ಏಣಿ.